ಕೆಂಪು ಔಷಧದ ದಾರಿ, ಗುಲ್ಮದ ಬಾಗಿಲು

ಶುವೈಖ್ ಎಂದೊಡನೆ ಕುವೈತ್‌ನ ಕನ್ನಡಿಗರಿಗೆ ಮೊದಲು ನೆನಪಾಗುವುದು ಗ್ಯಾರೇಜುಗಳ ಸಾಲು, ಕಾರಿನ ಬಿಡಿಭಾಗಗಳ ಅಂಗಡಿಗಳು, ಬಂದರಿನ ಕ್ರೇನುಗಳು. ಅದೇ ಶುವೈಖ್‌ನಲ್ಲಿ ವಿಶ್ವವಿದ್ಯಾಲಯದ ಹಳೆಯ ಆವರಣವಿದೆ. 1967ರಲ್ಲಿ ಜಪಾನಿನ ಅರೇಬಿಯನ್ ಆಯಿಲ್ ಕಂಪನಿ ಹುಟ್ಟುಹಾಕಿದ ವೈಜ್ಞಾನಿಕ ಸಂಶೋಧನಾ ಸಂಸ್ಥೆಯೂ ಇದೆ. ಸಬಾ ಆರೋಗ್ಯ ವಲಯದ ಕಡೆಗೆ ತಿರುಗಿದರೆ 1968ರಷ್ಟು ಹಿಂದಿನ ಕುವೈತ್ ಕ್ಯಾನ್ಸರ್ ನಿಯಂತ್ರಣ ಕೇಂದ್ರ ಸಿಗುತ್ತದೆ. ಅದರ ಶಸ್ತ್ರಚಿಕಿತ್ಸಾ ವಿಭಾಗಕ್ಕಿರುವ ಹುಸೇನ್ ಮಕ್ಕಿ ಜುಮಾ ಎಂಬ ಹೆಸರಿನಿಂದಲೇ ಅನೇಕರು ಇಡೀ ಆಸ್ಪತ್ರೆಯನ್ನು ಗುರುತಿಸುತ್ತಾರೆ. ಸಾಲ್ಮಿಯಾದಲ್ಲಿರಲಿ, ಫಹಾಹೀಲ್‌ನಲ್ಲಿರಲಿ, ಸರ್ಕಾರಿ ವ್ಯವಸ್ಥೆಯಲ್ಲಿ ಕ್ಯಾನ್ಸರ್ ಎಂದು ಖಚಿತವಾದ ಮೇಲೆ ಕಡತ ಬಂದು ನಿಲ್ಲುವುದು ಇಲ್ಲಿಗೇ. ಈ ದೇಶದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್, ಗಂಡಸರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಮುಂಚೂಣಿಯಲ್ಲಿವೆ.

ಆ ಕೇಂದ್ರದ ಇತಿಹಾಸವನ್ನು ಹೇಳುವುದು ಈ ದತ್ತಿ ಉಪನ್ಯಾಸದ ಉದ್ದೇಶವಲ್ಲ. ಅಂಥ ಯಾವುದೇ ಕೇಂದ್ರದ ಡೇ ಕೇರ್ ವಾರ್ಡಿನಲ್ಲಿ, ಸ್ಟ್ಯಾಂಡಿಗೆ ತೂಗುಬಿಟ್ಟ ಚೀಲದಿಂದ ತೊಟ್ಟಿಕ್ಕಿ ರಕ್ತ ಸೇರಿದ ಔಷಧ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಇದು ಹಿಡಿದು ಹೊರಟಿದೆ. ಪ್ರಶ್ನೆ ಸರಳವಾಗಿ ಕಾಣುತ್ತದೆ. ಉತ್ತರ ಹುಡುಕಲು ಅರ್ಧ ಶತಮಾನ ಹಿಡಿಯಿತು. ಸಿಕ್ಕ ಉತ್ತರ ಹುಡುಕಿದವರ ನಿರೀಕ್ಷೆಯನ್ನೇ ತಲೆಕೆಳಗು ಮಾಡಿತು.

ಮೊದಲು ಡಾಕ್ಸೊರುಬಿಸಿನ್. ಸ್ತನ ಕ್ಯಾನ್ಸರ್‌ನಿಂದ ಲಿಂಫೋಮಾದವರೆಗೆ ಹತ್ತಾರು ಬಗೆಯ ಕ್ಯಾನ್ಸರ್‌ಗಳಿಗೆ ಕೊಡುವ ಕಡುಕೆಂಪು ಔಷಧ. ಕೊಟ್ಟ ಮೇಲೆ ಒಂದೆರಡು ದಿನ ಮೂತ್ರವೂ ಕೆಂಪಗೆ ಹೋಗುತ್ತದೆ. ರೋಗಿ ಗಾಬರಿಯಾಗದಿರಲೆಂದು ನರ್ಸ್‌ಗಳು ಇದನ್ನು ಮೊದಲೇ ಹೇಳಿರುತ್ತಾರೆ. ಇದರ ಮೂಲ ಇಟಲಿಯ ಮಣ್ಣು. 1950ರ ದಶಕದಲ್ಲಿ ಫಾರ್ಮಿಟಾಲಿಯಾ ಕಂಪನಿಯ ಸಂಶೋಧಕರು ಆ ದೇಶದ ದಕ್ಷಿಣದಲ್ಲಿರುವ ಕಾಸ್ಟೆಲ್ ದೆಲ್ ಮೊಂಟೆ ಕೋಟೆಯ ಸುತ್ತಿನ ಮಣ್ಣಿನಲ್ಲಿ ಒಂದು ಸೂಕ್ಷ್ಮಜೀವಿಯನ್ನು ಕಂಡರು. ಅದು ತಯಾರಿಸುತ್ತಿದ್ದ ಕೆಂಪು ವಸ್ತು ಡೌನೊರುಬಿಸಿನ್; ಅದೇ ಜೀವಿಯ ಮಾರ್ಪಟ್ಟ ತಳಿಯಿಂದ ಡಾಕ್ಸೊರುಬಿಸಿನ್ ಬಂತು. ಹತ್ತಿರದ ಏಡ್ರಿಯಾಟಿಕ್ ಸಮುದ್ರದ ನೆನಪಿಗೆ ಏಡ್ರಿಯಾಮೈಸಿನ್ ಎಂಬ ವ್ಯಾಪಾರನಾಮ ಕೊಟ್ಟರು. ಆಂಕಾಲಜಿ ವಾರ್ಡುಗಳಲ್ಲಿ ಆ ಹೆಸರು ಇವತ್ತಿಗೂ ಓಡಾಡುತ್ತದೆ.

ಗಡ್ಡೆಯ ಮೇಲೆ ಇದು ಎಷ್ಟು ಕಟುವೋ ಹೃದಯದ ಮೇಲೂ ಅಷ್ಟೇ. ಹಾನಿ ಒಂದು ಡೋಸಿನಿಂದ ಆಗುವುದಲ್ಲ, ಡೋಸಿನ ಮೇಲೆ ಡೋಸ್ ಸೇರಿ ಆಗುವುದು. ಆದ್ದರಿಂದ ವೈದ್ಯರು ಜೀವಮಾನದ ಮೊತ್ತಕ್ಕೊಂದು ಗಡಿ ಇಟ್ಟುಕೊಂಡರು: ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಸುಮಾರು 450ರಿಂದ 550 ಮಿಲಿಗ್ರಾಂ. ಔಷಧ ಇನ್ನೂ ಕೆಲಸ ಮಾಡುತ್ತಿದ್ದರೂ ಆ ಗಡಿ ಮುಟ್ಟಿದರೆ ನಿಲ್ಲಿಸಬೇಕು. ರೋಗಕ್ಕಿಂತ ಮೊದಲು ಹೃದಯ ಸೋಲಬಾರದಲ್ಲ.

ಪರಿಹಾರ ಕೇಂಬ್ರಿಜ್ ಬಳಿಯ ಬಾಬ್ರಹಾಮ್‌ನಲ್ಲಿ, ಕ್ಯಾನ್ಸರಿಗೆ ಸಂಬಂಧವೇ ಇಲ್ಲದ ಒಂದು ಪ್ರಯೋಗದಿಂದ ಬಂತು. ರಕ್ತ ಹೆಪ್ಪುಗಟ್ಟುವ ಬಗೆಯಲ್ಲಿ ಆಸಕ್ತಿಯಿದ್ದ ಅಲೆಕ್ ಬ್ಯಾಂಗಮ್, 1960ರ ದಶಕದ ಆರಂಭದಲ್ಲಿ ಫಾಸ್ಫೊಲಿಪಿಡ್ ಎಂಬ ಕೊಬ್ಬಿನ ವಸ್ತುವನ್ನು ನೀರಿನಲ್ಲಿ ಕಲಕಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿದರು. ಕೊಬ್ಬು ತನ್ನಷ್ಟಕ್ಕೆ ಗುಂಡಗೆ ಸುತ್ತಿಕೊಂಡು ಒಳಗೆ ನೀರು ತುಂಬಿದ ಗುಳ್ಳೆಗಳಾಗಿತ್ತು. ಇವೇ ಲಿಪೊಸೋಮ್‌ಗಳು. ಒಳಗೆ ನೀರು ನಿಲ್ಲುವುದಾದರೆ ಔಷಧವನ್ನೂ ನಿಲ್ಲಿಸಬಹುದೆಂದು ಬಹಳ ಜನರಿಗೆ ಹೊಳೆಯಿತು. ಹೊಳೆದ ಮೇಲೆ ಕಷ್ಟ ಶುರುವಾಯಿತು. ತುಂಬಿದ ಔಷಧ ಸೋರಿಹೋಗುತ್ತಿತ್ತು. ಸೋರದೆ ಉಳಿದ ಗುಳ್ಳೆಗಳನ್ನು ಯಕೃತ್ತು ನಿಮಿಷಗಳಲ್ಲಿ ಹಿಡಿದು ನುಂಗುತ್ತಿತ್ತು.

ಎರಡೂ ತೊಡಕುಗಳನ್ನು ಬಿಡಿಸಿದವರಲ್ಲಿ ಮುಖ್ಯರು ಜೆರುಸಲೇಮಿನ ಯೆಹೆಜ್ಕೆಲ್ ಬಾರೆನ್‌ಹೋಲ್ಜ್ ಮತ್ತು ಆಲ್ಬರ್ಟೊ ಗಬಿಝೋನ್. ನುಂಗುವ ಕೋಶಗಳಿಗೆ ಬೇಗ ಗುರುತು ಸಿಗದಿರಲೆಂದು ಗುಳ್ಳೆಯ ಮೈಗೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪಾಲಿಮರಿನ ಎಳೆಗಳನ್ನು ಪೋಣಿಸಲಾಯಿತು. ಸೋರಿಕೆಗೆ ಇನ್ನೂ ಚೆಂದದ ಉಪಾಯ. ಗುಳ್ಳೆಯೊಳಗೆ ಮೊದಲೇ ಅಮೋನಿಯಂ ಸಲ್ಫೇಟ್ ತುಂಬಿಟ್ಟರು. ವಿದ್ಯುದಾವೇಶವಿಲ್ಲದ ಡಾಕ್ಸೊರುಬಿಸಿನ್ ಕೊಬ್ಬಿನ ಗೋಡೆಯನ್ನು ಸಲೀಸಾಗಿ ದಾಟಿ ಒಳಗೆ ಬರುತ್ತದೆ. ಒಳಗಿನ ಆಮ್ಲೀಯ ದ್ರವದಲ್ಲಿ ಆವೇಶ ಪಡೆದು, ಸಲ್ಫೇಟಿನೊಡನೆ ಹರಳುಗಟ್ಟಿ ಕೂರುತ್ತದೆ. ಮಲೆನಾಡಿನವರು ಮಳೆಗಾಲದ ಹತ್ತುಮೀನಿಗೆ ಒಡ್ಡುವ ಕೂಣಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಒಳಗೆ ಬರಲು ದಾರಿಯಿದೆ, ಹೊರಡಲು ಇಲ್ಲ. ಹೀಗೆ ಒಂದೊಂದು ಗುಳ್ಳೆಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅಣುಗಳು ತುಂಬಿಕೊಂಡವು. ಗುಳ್ಳೆಯ ಅಗಲ ಸುಮಾರು 100 ನ್ಯಾನೋಮೀಟರ್; ತಲೆಗೂದಲಿನ ದಪ್ಪ ಅದರ ನೂರಾರು ಪಟ್ಟು. ಡಾಕ್ಸಿಲ್ ಎಂಬ ಹೆಸರಿನ ಈ ಔಷಧಕ್ಕೆ ಅಮೆರಿಕದ ಎಫ್‌ಡಿಎ 1995ರ ನವೆಂಬರಿನಲ್ಲಿ ಅನುಮತಿ ಕೊಟ್ಟಿತು. ನ್ಯಾನೋ ಔಷಧ ಎನ್ನಬಹುದಾದವುಗಳಲ್ಲಿ ಅಲ್ಲಿ ಅನುಮತಿ ಪಡೆದ ಮೊದಲನೆಯದು ಇದು.

ಇಲ್ಲಿಂದ ಮುಂದೆ ಜನಪ್ರಿಯ ಬರಹಗಳು ಹೇಳುವ ಕಥೆಯೇ ಬೇರೆ. ಅವುಗಳ ಪ್ರಕಾರ ನ್ಯಾನೋಕಣ ಎಂದರೆ ಗುರಿ ಕಂಡುಕೊಂಡು ಹೋಗಿ ಗಡ್ಡೆಯನ್ನಷ್ಟೇ ಹೊಡೆಯುವ ಅಸ್ತ್ರ. ಆ ಭರವಸೆಗೆ ಒಂದು ಆಧಾರವೂ ಇತ್ತು. ಗಡ್ಡೆಯ ರಕ್ತನಾಳಗಳು ಅವಸರದಲ್ಲಿ ಬೆಳೆದವು, ಅವುಗಳ ಗೋಡೆ ಸೋರುತ್ತದೆ, ಆ ಬಿರುಕುಗಳಲ್ಲಿ ದೊಡ್ಡ ಅಣುಗಳು ನುಸುಳಿ ಅಲ್ಲೇ ಉಳಿಯುತ್ತವೆ ಎಂದು ಜಪಾನಿನ ಯಾಸುಹಿರೊ ಮಾತ್ಸುಮುರಾ ಮತ್ತು ಹಿರೋಶಿ ಮಾಯೆದಾ 1986ರಲ್ಲಿ ತೋರಿಸಿದ್ದರು. ಇಲಿಗಳಲ್ಲಿ ಇದು ಸೊಗಸಾಗಿ ಕಾಣುತ್ತಿತ್ತು.

ಮನುಷ್ಯರಲ್ಲಿ ಏನಾಯಿತು ಎಂಬುದಕ್ಕೆ 2004ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ನಿಧಾನವಾಗಿ ಓದಬೇಕು. ದೇಹದ ಬೇರೆಡೆಗೆ ಹರಡಿದ ಸ್ತನ ಕ್ಯಾನ್ಸರಿನ 509 ಮಹಿಳೆಯರಲ್ಲಿ ಒಂದು ಗುಂಪಿಗೆ ಮಾಮೂಲಿ ಡಾಕ್ಸೊರುಬಿಸಿನ್, ಇನ್ನೊಂದಕ್ಕೆ ಗುಳ್ಳೆಯಲ್ಲಿ ತುಂಬಿದ್ದು. ರೋಗ ಮುಂದುವರಿಯದೆ ಕಳೆದ ಕಾಲ ಎರಡು ಗುಂಪಿನಲ್ಲೂ ಏಳು ತಿಂಗಳ ಆಸುಪಾಸು. ಬದುಕಿದ ಅವಧಿ ಎರಡರಲ್ಲೂ ಇಪ್ಪತ್ತೊಂದು, ಇಪ್ಪತ್ತೆರಡು ತಿಂಗಳು. ಕ್ಯಾನ್ಸರಿನ ವಿರುದ್ಧ ಹೊಸ ಔಷಧ ಹಳೆಯದಕ್ಕಿಂತ ಹೆಚ್ಚೇನೂ ಗೆಲ್ಲಲಿಲ್ಲ. ಹೃದಯಕ್ಕೆ ಹಾನಿಯಾಗುವ ಅಪಾಯ ಮಾತ್ರ ಮಾಮೂಲಿ ಔಷಧದಲ್ಲಿ ಮೂರು ಪಟ್ಟು ಹೆಚ್ಚಿತ್ತು. ಕೂದಲು ಉದುರಿದ್ದು ಹಳೆಯದರಲ್ಲಿ ನೂರಕ್ಕೆ 66 ಮಂದಿಗೆ, ಹೊಸದರಲ್ಲಿ 20 ಮಂದಿಗೆ. ಅದಕ್ಕೆ ತೆತ್ತ ಬೆಲೆಯೂ ಇತ್ತು: ಅಂಗೈ, ಅಂಗಾಲು ಕೆಂಪಾಗಿ ಸುಲಿಯುವ ತೊಂದರೆ ಹಳೆಯ ಔಷಧದಲ್ಲಿ ನೂರಕ್ಕೆ ಇಬ್ಬರಿಗೆ ಬಂದರೆ ಹೊಸದರಲ್ಲಿ 48 ಮಂದಿಗೆ ಬಂತು. ದೀರ್ಘಕಾಲ ರಕ್ತದಲ್ಲಿ ತಿರುಗುವ ಗುಳ್ಳೆಗಳು ಚರ್ಮದಲ್ಲಿ ಇಂಗುತ್ತಿದ್ದವು.

ಇದನ್ನು ಸೋಲೆಂದು ಕರೆಯುವುದು ತಪ್ಪು. ಎಪ್ಪತ್ತು ದಾಟಿದ, ಮೊದಲೇ ಹೃದಯ ದುರ್ಬಲವಾದ ಹೆಂಗಸಿಗೆ ಇದು ಚಿಕಿತ್ಸೆ ಸಿಗುವುದಕ್ಕೂ ಸಿಗದಿರುವುದಕ್ಕೂ ಇರುವ ವ್ಯತ್ಯಾಸ. ಆದರೆ ನ್ಯಾನೋಕಣದ ನಿಜವಾದ ಕೊಡುಗೆ ಗಡ್ಡೆಯನ್ನು ಹೊಡೆದದ್ದರಲ್ಲಿ ಕಂಡದ್ದಕ್ಕಿಂತ ಉಳಿದ ದೇಹವನ್ನು ಕಾಯ್ದದ್ದರಲ್ಲಿ ಕಂಡಿತೆಂಬುದನ್ನು ಒಪ್ಪಿಕೊಳ್ಳಲು ವಿಜ್ಞಾನಿಗಳಿಗೂ ಬಹಳ ಕಾಲ ಬೇಕಾಯಿತು. 2016ರಲ್ಲಿ ಟೊರೊಂಟೊದ ವಾರೆನ್ ಚಾನ್ ಅವರ ತಂಡ ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳ ವರದಿಗಳನ್ನು ಒಟ್ಟುಹಾಕಿ ಲೆಕ್ಕ ಹಾಕಿತು. ಚುಚ್ಚಿದ ಕಣಗಳಲ್ಲಿ ಗಡ್ಡೆ ತಲುಪುವ ಪಾಲಿನ ಮಧ್ಯಾಂಕ ನೂರಕ್ಕೆ 0.7. ಒಂದೂ ಅಲ್ಲ! ನಾಲ್ಕು ವರ್ಷಗಳ ನಂತರ ಅದೇ ತಂಡ ಇನ್ನೊಂದು ನಂಬಿಕೆಯನ್ನು ಅಲುಗಿಸಿತು. ಗಡ್ಡೆಯೊಳಗೆ ಸೇರುವ ಕಣಗಳಲ್ಲಿ ಬಹುಪಾಲು ಬಿರುಕಿನಲ್ಲಿ ನುಸುಳಿ ಬಂದವಲ್ಲ, ರಕ್ತನಾಳದ ಒಳಪದರದ ಕೋಶಗಳೇ ಅವನ್ನು ಸಕ್ರಿಯವಾಗಿ ದಾಟಿಸುತ್ತವೆ ಎಂದಿತು. ಅದೇ 2016ರಲ್ಲಿ, ಗುರಿ ಹುಡುಕುವ ಕಣಗಳ ಮೇಲೆ ದೊಡ್ಡ ನಿರೀಕ್ಷೆ ಹುಟ್ಟಿಸಿದ್ದ ಬೋಸ್ಟನ್ ಪ್ರದೇಶದ ಬೈಂಡ್ ಥೆರಪ್ಯೂಟಿಕ್ಸ್ ಕಂಪನಿ ದಿವಾಳಿ ಅರ್ಜಿ ಹಾಕಿತ್ತು.

ಉಳಿದ 99 ಪಾಲು ಎಲ್ಲಿಗೆ ಹೋಯಿತು? ಹೆಚ್ಚಿನದು ಯಕೃತ್ತಿಗೆ ಮತ್ತು ಗುಲ್ಮಕ್ಕೆ. ರಕ್ತದಲ್ಲಿ ತೇಲಿಬರುವ ಪರಕೀಯ ಕಣಗಳನ್ನು ಸೋಸಿ ನುಂಗುವ ಕೋಶಗಳು ಕಾವಲಿರುವ ಜಾಗಗಳಿವು. ಔಷಧ ಸಾಗಿಸುವವರಿಗೆ ಇದು ಶುದ್ಧ ನಷ್ಟ. ಇದೇ ನಷ್ಟವನ್ನು ಲಾಭದ ಖಾತೆಗೆ ಬರೆದವರು ಪ್ರತಿರಕ್ಷಣಾ ಚಿಕಿತ್ಸೆಯವರು.

ಆ ಚಿಕಿತ್ಸೆಯ ತಿರುಳು ಗೊತ್ತಿರುವಂಥದ್ದೇ. ನಮ್ಮ ಟಿ ಕೋಶಗಳು ಕ್ಯಾನ್ಸರನ್ನು ಗುರುತಿಸಬಲ್ಲವು, ಆದರೆ ಅವಕ್ಕೆ ಬ್ರೇಕುಗಳಿವೆ. ಗಡ್ಡೆ ಆ ಬ್ರೇಕನ್ನು ಒತ್ತಿ ಹಿಡಿದಿರುತ್ತದೆ. ಬ್ರೇಕನ್ನು ತೆಗೆಯಬಹುದೆಂದು ತೋರಿಸಿದ ಜೇಮ್ಸ್ ಆ್ಯಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಹಾಗೆ ಬ್ರೇಕು ತೆಗೆಯುವ ಔಷಧಗಳಾದ ಪೆಂಬ್ರೊಲಿಝುಮ್ಯಾಬ್, ನಿವೊಲುಮ್ಯಾಬ್ ಈಗ ಆಸ್ಪತ್ರೆಯ ಪಡಸಾಲೆಗಳಲ್ಲಿ ಕೇಳಿಬರುವ ಹೆಸರುಗಳು. ತೊಂದರೆಯೆಂದರೆ, ಬಹಳಷ್ಟು ರೋಗಿಗಳಲ್ಲಿ ಬ್ರೇಕು ತೆಗೆದರೂ ಗಾಡಿ ಹೊರಡುವುದಿಲ್ಲ. ಕ್ಯಾನ್ಸರನ್ನು ಗುರುತಿಸುವ ಟಿ ಕೋಶಗಳೇ ಸಾಕಷ್ಟಿರುವುದಿಲ್ಲ.

ನ್ಯಾನೋಕಣ ಮತ್ತು ಪ್ರತಿರಕ್ಷಣಾ ಔಷಧ ಮೊದಲು ದೊಡ್ಡ ಪ್ರಮಾಣದಲ್ಲಿ ಜೊತೆಯಾದದ್ದು ಹರಳೆಣ್ಣೆಯ ದೆಸೆಯಿಂದ ಎಂದರೆ ನಗು ಬರಬಹುದು. ಪ್ಯಾಕ್ಲಿಟ್ಯಾಕ್ಸೆಲ್ ನೀರಿನಲ್ಲಿ ಕರಗದ ಔಷಧ. ಅದನ್ನು ಹರಳೆಣ್ಣೆಯಿಂದ ತಯಾರಿಸಿದ ಕ್ರೆಮೊಫೋರ್ ಎಂಬ ದ್ರಾವಕದಲ್ಲಿ ಕರಗಿಸುತ್ತಾರೆ. ಆ ದ್ರಾವಕ ಕೆಲವರಲ್ಲಿ ಪ್ರಾಣಾಂತಿಕ ಅಲರ್ಜಿ ಹುಟ್ಟಿಸುತ್ತದೆ. ಅದನ್ನು ತಡೆಯಲು ಮೊದಲು ಸ್ಟೀರಾಯ್ಡ್ ಕೊಡಬೇಕು. 2005ರಲ್ಲಿ ಅನುಮತಿ ಪಡೆದ ಅಬ್ರಾಕ್ಸೇನ್‌ನಲ್ಲಿ ದ್ರಾವಕವಿಲ್ಲ. ರಕ್ತದ ಆಲ್ಬುಮಿನ್ ಪ್ರೊಟೀನಿಗೆ ಔಷಧವನ್ನು ಅಂಟಿಸಿದ ಸುಮಾರು 130 ನ್ಯಾನೋಮೀಟರಿನ ಕಣಗಳಿವೆ. ಹಾಗಾಗಿ ಮುಂಚಿತವಾಗಿ ಸ್ಟೀರಾಯ್ಡ್ ಬೇಕಿಲ್ಲ. ಸ್ಟೀರಾಯ್ಡ್ ಪ್ರತಿರಕ್ಷಣೆಯನ್ನು ಕುಗ್ಗಿಸುವ ವಸ್ತುವೆಂಬುದನ್ನು ನೆನೆದರೆ ಮುಂದಿನದು ತಿಳಿಯುತ್ತದೆ.

ಟ್ರಿಪಲ್ ನೆಗೆಟಿವ್ ಎಂಬ ಹಟಮಾರಿ ಬಗೆಯ ಸ್ತನ ಕ್ಯಾನ್ಸರಿನ 902 ರೋಗಿಗಳಲ್ಲಿ ಅಬ್ರಾಕ್ಸೇನ್ ಜೊತೆ ಬ್ರೇಕು ತೆಗೆಯುವ ಅಟೆಝೊಲಿಝುಮ್ಯಾಬ್ ಕೊಟ್ಟು ನೋಡಿದ ಇಂಪ್ಯಾಷನ್130 ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಪಿಡಿ-ಎಲ್1 ಎಂಬ ಗುರುತುಳ್ಳ ಗಡ್ಡೆಯವರಲ್ಲಿ ರೋಗ ತಡೆದ ಅವಧಿ ಐದು ತಿಂಗಳಿಂದ ಏಳೂವರೆ ತಿಂಗಳಿಗೆ ಏರಿತು. 2019ರಲ್ಲಿ ಅಮೆರಿಕ ತ್ವರಿತ ಅನುಮತಿ ಕೊಟ್ಟಿತು. ಮುಂದಿನ ವರ್ಷ ಅದೇ ಪ್ರತಿರಕ್ಷಣಾ ಔಷಧವನ್ನು ಸ್ಟೀರಾಯ್ಡ್ ಸಮೇತದ ಮಾಮೂಲಿ ಪ್ಯಾಕ್ಲಿಟ್ಯಾಕ್ಸೆಲ್ ಜೊತೆ ಕೊಟ್ಟ ಇಂಪ್ಯಾಷನ್131 ಪ್ರಯೋಗ ಹೊರಬಂತು: ಲಾಭವಿಲ್ಲ. ಸ್ಟೀರಾಯ್ಡೇ ಅಪರಾಧಿ ಎಂದು ಅನೇಕರು ತೀರ್ಪು ಕೊಟ್ಟರು. ಆದರೆ ಪೆಂಬ್ರೊಲಿಝುಮ್ಯಾಬ್ ಬಳಸಿದ ಇನ್ನೊಂದು ದೊಡ್ಡ ಪ್ರಯೋಗದಲ್ಲಿ ಕೆಲವರಿಗೆ ಮಾಮೂಲಿ ಪ್ಯಾಕ್ಲಿಟ್ಯಾಕ್ಸೆಲ್ ಕೊಟ್ಟಿದ್ದರೂ ಒಟ್ಟಾರೆ ಪ್ರಯೋಜನ ಕಂಡಿತು. ಆದ್ದರಿಂದ ತೀರ್ಪನ್ನು ಕಾಯ್ದಿರಿಸುವುದೇ ಮೇಲು. ಅಟೆಝೊಲಿಝುಮ್ಯಾಬ್ ತಯಾರಿಸುವ ರೋಷ್ ಕಂಪನಿ 2021ರ ಆಗಸ್ಟಿನಲ್ಲಿ ಅಮೆರಿಕದ ಆ ಅನುಮತಿಯನ್ನು ತಾನಾಗಿ ಹಿಂತೆಗೆದುಕೊಂಡಿತು.

ಇದೆಲ್ಲ ಹಳೆಯ ಕೀಮೋವನ್ನೇ ಹೊಸ ಹೊದಿಕೆಯಲ್ಲಿ ಕೊಟ್ಟದ್ದು. ಗುಲ್ಮದ ಕಥೆ ಅದಕ್ಕಿಂತ ಮುಂದಿನದು.

ಜರ್ಮನಿಯ ಮೈನ್ಸ್ ನಗರದಲ್ಲಿ ಉಗುರ್ ಶಾಹಿನ್ ಅವರ ತಂಡ 2016ರಲ್ಲಿ ಒಂದು ಸರಳ ಸಂಗತಿಯನ್ನು ಪ್ರಕಟಿಸಿತು. ಕೊಬ್ಬಿನ ಕಣದಲ್ಲಿ ಆರ್‌ಎನ್‌ಎ ಸುತ್ತಿ ರಕ್ತಕ್ಕೆ ಬಿಡುವಾಗ ಎರಡರ ಪ್ರಮಾಣವನ್ನು ಹೊಂದಿಸಿ ಕಣದ ಆವೇಶವನ್ನು ತುಸು ಋಣದ ಕಡೆಗೆ ತಂದರೆ ಸಾಕು, ಕಣಗಳು ಗುಲ್ಮಕ್ಕೆ ಹೋಗಿ ಸೇರುತ್ತವೆ. ಗುರಿ ತೋರಿಸುವ ಪ್ರತಿಕಾಯ, ಅಲಂಕಾರ ಯಾವುದೂ ಬೇಡ. ಗುಲ್ಮದಲ್ಲಿರುವ ಡೆಂಡ್ರಿಟಿಕ್ ಕೋಶಗಳು ಕಣವನ್ನು ನುಂಗುತ್ತವೆ, ಒಳಗಿನ ಆರ್‌ಎನ್‌ಎಯನ್ನು ಓದಿ ಕ್ಯಾನ್ಸರಿನ ಪ್ರೊಟೀನ್ ತುಣುಕುಗಳನ್ನು ತಯಾರಿಸುತ್ತವೆ, ಅವನ್ನು ಮೈಮೇಲೆ ಎತ್ತಿ ಹಿಡಿದು ಟಿ ಕೋಶಗಳಿಗೆ ತೋರಿಸುತ್ತವೆ. ಮೂವತ್ತು ವರ್ಷ ಯಾವ ಕೋಶಗಳಿಂದ ಕಣವನ್ನು ಬಚ್ಚಿಡಲು ಸಂಶೋಧಕರು ಹೆಣಗಿದ್ದರೋ ಅದೇ ಬಳಗದ ಕೋಶಗಳ ಬಾಯಿಗೇ ಈಗ ಕಣವನ್ನು ಇಡಲಾಯಿತು.

ಈ ವಿಧಾನದ ಒಂದು ಗಂಭೀರ ಪರೀಕ್ಷೆ ನಡೆದದ್ದು ಅತಿ ಕಠಿಣವಾದ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನ ಶಸ್ತ್ರಚಿಕಿತ್ಸಕ ವಿನೋದ್ ಬಾಲಚಂದ್ರನ್ ಇದರ ನೇತೃತ್ವ ವಹಿಸಿದ್ದರು. ಕತ್ತರಿಸಿ ತೆಗೆದ ಗಡ್ಡೆಯನ್ನು ಜರ್ಮನಿಗೆ ಕಳಿಸಿ, ಆ ರೋಗಿಯ ಗಡ್ಡೆಗಷ್ಟೇ ಇರುವ ಜೀನ್ ಬದಲಾವಣೆಗಳನ್ನು ಓದಿ, ಅವುಗಳಲ್ಲಿ ಇಪ್ಪತ್ತರವರೆಗೆ ಆಯ್ದು, ಒಬ್ಬರಿಗೊಂದರಂತೆ ಲಸಿಕೆ ತಯಾರಿಸಲಾಯಿತು. ಶಸ್ತ್ರಚಿಕಿತ್ಸೆಯಿಂದ ಮೊದಲ ಲಸಿಕೆಗೆ ಸುಮಾರು ಒಂಬತ್ತು ವಾರ. 2023ರ ವರದಿಯ ಪ್ರಕಾರ ಲಸಿಕೆ ಪಡೆದ 16 ಮಂದಿಯಲ್ಲಿ ಎಂಟು ಮಂದಿಯ ಟಿ ಕೋಶಗಳು ಎಚ್ಚೆತ್ತವು. ಮೂರು ವರ್ಷ ದಾಟಿದ ಮೇಲೆ ನೋಡಿದಾಗ, ಎಚ್ಚೆತ್ತ ಎಂಟರಲ್ಲಿ ಇಬ್ಬರಿಗೆ ರೋಗ ಮರಳಿತ್ತು. ಎಚ್ಚೆತ್ತಿರದ ಎಂಟರಲ್ಲಿ ಏಳು ಮಂದಿಗೆ. ಹದಿನಾರು ಎಂಬುದು ಸಣ್ಣ ಸಂಖ್ಯೆ, ಹೋಲಿಕೆಯ ಗುಂಪೂ ಇರಲಿಲ್ಲ. ಪ್ರಬಲ ಪ್ರತಿರಕ್ಷಣೆಯುಳ್ಳವರು ಲಸಿಕೆಯಿಲ್ಲದೆಯೂ ಹೆಚ್ಚು ದಿನ ಚೆನ್ನಾಗಿರುತ್ತಿದ್ದರೇನೋ ಎಂಬ ಸಂದೇಹಕ್ಕೆ ದೊಡ್ಡ ಪ್ರಯೋಗವೇ ಉತ್ತರ ಕೊಡಬೇಕು. ಮಾಡರ್ನಾ ಮತ್ತು ಮರ್ಕ್ ಕಂಪನಿಗಳ ಇದೇ ಜಾತಿಯ ಲಸಿಕೆ ಸ್ನಾಯುವಿಗೆ ಚುಚ್ಚುವಂಥದ್ದು. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ 157 ರೋಗಿಗಳಲ್ಲಿ ಪೆಂಬ್ರೊಲಿಝುಮ್ಯಾಬ್ ಜೊತೆ ಅದನ್ನು ಕೊಟ್ಟಾಗ ರೋಗ ಮರಳುವ ಅಥವಾ ಸಾಯುವ ಅಪಾಯ ನೂರಕ್ಕೆ 44ರಷ್ಟು ಇಳಿಯಿತೆಂದು 2022ರ ಕೊನೆಗೆ ಪ್ರಕಟಿಸಿದರು. ಅದನ್ನು ಸುತ್ತಿದ ಕೊಬ್ಬಿನ ಕಣ ಕೋವಿಡ್ ಲಸಿಕೆಯ ದಾಯಾದಿ.

ಕರ್ನಾಟಕದಲ್ಲಿ ಈ ಕೆಲಸ ಇನ್ನೂ ಪ್ರಯೋಗಶಾಲೆಯ ಹಂತದಲ್ಲಿದೆ, ಆದರೆ ಸಪ್ಪೆಯಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿದ್ಧಾರ್ಥ ಝುಂಝುನ್‌ವಾಲಾ ಅವರ ತಂಡ ಕೃತಕ ಕಣಗಳನ್ನು ಪ್ರತಿರಕ್ಷಣಾ ಕೋಶಗಳು ಹೇಗೆ ಎದುರುಗೊಳ್ಳುತ್ತವೆ ಎಂಬುದನ್ನೇ ಅಧ್ಯಯನ ಮಾಡುತ್ತಿದೆ. ಅಲ್ಲಿಯ ಎನ್. ಜಯರಾಮನ್ ಮತ್ತು ಸಂಗಡಿಗರು ತಯಾರಿಸಿದ ಕೃತಕ ಅಣು ರಕ್ತದ ಆಲ್ಬುಮಿನ್ ಬೆನ್ನೇರಿ ದುಗ್ಧಗ್ರಂಥಿಗೆ ಹೋಗಿ, ಇಲಿಗಳಲ್ಲಿ ಕ್ಯಾನ್ಸರಿನ ಒಂದು ಸಕ್ಕರೆ ಗುರುತಿನ ವಿರುದ್ಧ ಪ್ರತಿಕಾಯ ಹುಟ್ಟಿಸಿತು. ಅಶೋಕ್ ರಾಯಚೂರ್ ಮತ್ತು ಜಯಪ್ರಕಾಶ್ ಅವರ ತಂಡಗಳು ಚಿನ್ನ ಮತ್ತು ತಾಮ್ರದ ಸಲ್ಫೈಡ್ ಸೇರಿಸಿ ಹತ್ತು ನ್ಯಾನೋಮೀಟರಿಗಿಂತ ಸಣ್ಣ ಕಣಗಳನ್ನು ಮಾಡಿದವು. ಬೆಳಕು ಬಿದ್ದರೆ ಅವು ಬಿಸಿಯಾಗಿ ಕೋಶವನ್ನು ಕೊಲ್ಲುತ್ತವೆ, ಜೊತೆಗೆ ಹೊರಡುವ ಶಬ್ದತರಂಗಗಳಿಂದ ಗಡ್ಡೆಯ ಜಾಗವನ್ನೂ ತಿಳಿಸುತ್ತವೆ. ಇವು ಯಾವುವೂ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಔಷಧಾಲಯಕ್ಕೆ ಬಂದ ವಸ್ತುಗಳಲ್ಲ. ಪತ್ರಿಕೆಗಳ ತಲೆಬರಹ ನೋಡಿ ಊರಿಗೆ ಫೋನು ಮಾಡುವವರು ಇದನ್ನು ಗಮನಿಸಬೇಕು.

ಭಾರತ ನಿಜವಾಗಿ ಜಗತ್ತಿನ ಗಮನ ಸೆಳೆದದ್ದು ತಯಾರಿಕೆಯಲ್ಲಿ. 2011ರಲ್ಲಿ ಡಾಕ್ಸಿಲ್ ತಯಾರಿಸುತ್ತಿದ್ದ ಒಹಾಯೊದ ಕಾರ್ಖಾನೆಯಲ್ಲಿ ಕೆಲಸ ಕುಂಟಿತು, ಅಮೆರಿಕದ ರೋಗಿಗಳು ಕಾಯುವ ಪಟ್ಟಿಯಲ್ಲಿ ನಿಂತರು. 2012ರ ಫೆಬ್ರವರಿಯಲ್ಲಿ ಎಫ್‌ಡಿಎ ತಾತ್ಕಾಲಿಕವಾಗಿ ಆಮದಿಗೆ ಒಪ್ಪಿದ್ದು ಸನ್ ಫಾರ್ಮಾದ ಲಿಪೊಡಾಕ್ಸ್ ಅನ್ನು. ಮರುವರ್ಷ ಅದೇ ಕಂಪನಿಯ ಜೆನೆರಿಕ್ ಔಷಧಕ್ಕೆ ಪೂರ್ಣ ಅನುಮತಿಯೂ ಸಿಕ್ಕಿತು. ಬೆಲೆಯ ವಿಷಯದಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಇಟ್ಟ ಹೆಜ್ಜೆ ಇನ್ನೂ ದಿಟ್ಟವಾದದ್ದು. ಅದರಲ್ಲಿ ನ್ಯಾನೋ ಏನೂ ಇಲ್ಲ, ಆದರೂ ಇಲ್ಲಿ ಹೇಳಲೇಬೇಕು. ಹೊಗೆಸೊಪ್ಪು, ಅಡಿಕೆ ತಂದೊಡ್ಡುವ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನ 151 ರೋಗಿಗಳ ಪ್ರಯೋಗದಲ್ಲಿ ಒಂದು ಗುಂಪಿಗೆ ಅಗ್ಗದ ಮಾತ್ರೆಗಳ ಜೊತೆ ನಿವೊಲುಮ್ಯಾಬ್ ಬರೀ 20 ಮಿಲಿಗ್ರಾಂ ಕೊಟ್ಟರು. ವಾಡಿಕೆಯ ಡೋಸ್ 240. ಒಂದು ವರ್ಷ ಬದುಕಿದವರ ಪ್ರಮಾಣ ನೂರಕ್ಕೆ 16ರಿಂದ 43ಕ್ಕೆ ಏರಿತೆಂದು 2022ರಲ್ಲಿ ವರದಿಯಾಯಿತು. ಒಬ್ಬೊಬ್ಬರಿಗೂ ಬೇರೆ ಲಸಿಕೆ ಹೊಲಿದುಕೊಡುವ ದುಬಾರಿ ವಿಜ್ಞಾನದ ಪಕ್ಕದಲ್ಲಿ ಇದನ್ನಿಟ್ಟು ನೋಡುವುದು ಒಳ್ಳೆಯದು.

ಕೊನೆಗೆ ಶುವೈಖ್‌ನಿಂದ ಊರಿಗೆ ಮರಳಿ ಚಿಕಿತ್ಸೆ ಮುಂದುವರಿಸುವವರ ಮಾತು. ಕುವೈತ್‌ನಲ್ಲಿ ಅರ್ಧ, ಮಂಗಳೂರು ಅಥವಾ ಬೆಂಗಳೂರಿನಲ್ಲಿ ಅರ್ಧ ಎಂಬಂತೆ ಕೀಮೋ ಪಡೆಯುವ ಗಲ್ಫ್ ಕುಟುಂಬಗಳು ಕಡಿಮೆಯಿಲ್ಲ. ಡಾಕ್ಸೊರುಬಿಸಿನ್‌ನ ಲೆಕ್ಕ ಆಸ್ಪತ್ರೆ ಬದಲಾದರೆ ಸೊನ್ನೆಯಿಂದ ಶುರುವಾಗುವುದಿಲ್ಲ. ಕುವೈತ್‌ನಲ್ಲಿ ಎಷ್ಟು ಮಿಲಿಗ್ರಾಂ ಹೋಗಿತ್ತೆಂಬುದು ಊರಿನ ವೈದ್ಯರ ಕೈಗೆ ಬರಹದಲ್ಲಿ ಸಿಗಬೇಕು. ಕೊಟ್ಟದ್ದು ಮಾಮೂಲಿಯೋ ಲಿಪೊಸೋಮ್‌ನದೋ ಎಂಬುದೂ ಅದರಲ್ಲಿರಬೇಕು. ಅಣು ಒಂದೇ ಆದರೂ ಇವು ಒಂದರ ಬದಲು ಇನ್ನೊಂದನ್ನು ಕೊಡುವ ಔಷಧಗಳಲ್ಲ. ಅಬ್ರಾಕ್ಸೇನ್‌ನ ಡೋಸ್ ಸ್ತನ ಕ್ಯಾನ್ಸರಿನಲ್ಲಿ ಚದರ ಮೀಟರಿಗೆ 260 ಮಿಲಿಗ್ರಾಂ, ಮಾಮೂಲಿ ಪ್ಯಾಕ್ಲಿಟ್ಯಾಕ್ಸೆಲ್‌ನದು 175. ಹೆಸರು ಅದಲುಬದಲಾದರೆ ಆಗುವ ಅನಾಹುತವನ್ನು ಈ ಎರಡು ಅಂಕಿಗಳೇ ಹೇಳುತ್ತವೆ. ಡಿಸ್ಚಾರ್ಜ್ ಪತ್ರದಲ್ಲಿ ಔಷಧದ ಪೂರ್ಣ ಹೆಸರು, ಬ್ರ್ಯಾಂಡು, ಪ್ರತಿ ಸಲದ ಡೋಸ್, ಈವರೆಗಿನ ಮೊತ್ತ, ಹೃದಯದ ಕಡೆಯ ಎಕೋ ಪರೀಕ್ಷೆಯ ದಿನಾಂಕ ಇವಿಷ್ಟೂ ಇವೆಯೇ ಎಂದು ವಿಮಾನದ ಟಿಕೆಟ್ ತೆಗೆಯುವ ಮೊದಲೇ ನೋಡಿಕೊಳ್ಳಬಹುದು, ಇಲ್ಲದಿದ್ದರೆ ವಾರ್ಡಿನಲ್ಲಿ ಕೇಳಿ ಬರೆಸಿಕೊಳ್ಳಬಹುದು.